ಬರ್ಮಾದವಳಿಗೆ ಬಂದ ಸಂಬಂಧ

ಹೋದ ಶುಕ್ರವಾರ ಇಲ್ಲೇ ಬಹರೈನಿನ ಗುದೈಬಿಯಾದಲ್ಲಿರುವ ನೆಂಟರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದವರು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: “ನಿಮ್ಮ ಪರಿಚಯದವರ ಗಂಡ ಹೋದ್ರಂತಲ್ಲ? ಸಣ್ಣ ಸಣ್ಣ ಮಕ್ಕಳಂತೆ? ಎಂತ ಆದದ್ದು ಮಾರಾಯ್ರೆ?”

ನನಗೆ ತಲೆಬುಡ ತಿಳಿಯಲಿಲ್ಲ. ಎದುರಿಗೆ ಅತ್ತೆ ತಲೆಯೆತ್ತದೆ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಸುದ್ದಿಯ ಮೂಲ ಅವರೇ!

ಸತ್ತವನು ಬಹರೈನಿನವನಲ್ಲ. ನಾನು ಓದುತ್ತಿರುವ ಬರ್ಮಾ ದೇಶದ ಕಾದಂಬರಿಯ ನಾಯಕಿಯ ಗಂಡ.

ಅತ್ತೆ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ. ಜಿಂಜ್‌ನ ನಮ್ಮ ಫ್ಲಾಟಿನಲ್ಲಿ ಹಗಲು ಹೊತ್ತು ಅವರೊಡನೆ ಮಾತಾಡಲು ನಾನೊಬ್ಬಳೇ. ಹಾಗಾಗಿ ಇಂಗ್ಲಿಷಿನಲ್ಲಿ ಓದಿದ್ದನ್ನು, ಸಿಗಡಿ ಸುಲಿಯುತ್ತಾ, ಕನ್ನಡದಲ್ಲಿ ಅವರಿಗೆ ಹೇಳುತ್ತಿದ್ದೆ. ನದಿ ದಂಡೆಯ ಊರು, ಉಪ್ಪುಮೀನು ಮಾರುವ ಹೆಣ್ಣು, ಕುಡುಕ ಗಂಡ. ಅತ್ತೆಗೆ ಎಲ್ಲ ಪರಿಚಿತ. “ನಿನ್ನ ಬರ್ಮಾದವಳು ಇವತ್ತು ಎಂತ ಮಾಡಿದ್ಲು?” ಅಂತ ಸಂಜೆಯಾಗುವ ಮೊದಲೇ ಕೇಳುವರು. ಅವಳ ಗಂಡ ಸತ್ತ ದಿನ ಊರಿಗೂ ಫೋನ್ ಮಾಡಿ ಅತ್ತರು. (ಬಿಲ್ ನಮ್ಮದು.)

ಊಟ ಮುಗಿಸಿ ಮನೆಗೆ ಬಂದೆವು. ನಕ್ಕು ನಕ್ಕು ಸಾಕಾಗಿತ್ತು. ನನ್ನ ಗಂಡ ಸುಧೀರನೂ ಸೋಫಾದಲ್ಲಿ ಕೂತ. “ಆಮೇಲೆ ಏನಾಯ್ತು ಹೇಳು, ನಾನೂ ಕೇಳ್ತೇನೆ.”

ಹೇಳಿದೆ. ದೋಣಿಕಟ್ಟೆಯ ಗುಮಾಸ್ತನೊಬ್ಬ ಆ ವಿಧವೆಯನ್ನು ಮದುವೆಯಾಗುತ್ತೇನೆ ಅನ್ನುತ್ತಾನೆ. ಅವಳಿಗೂ ಮನಸ್ಸಿದೆ. ದೊಡ್ಡ ಮಗ ಮುಖ ತಿರುಗಿಸುತ್ತಾನೆ. ಅವಳು ಬೇಡ ಅಂದುಬಿಡುತ್ತಾಳೆ.

“ಎಂಥಾ ಸ್ವಾರ್ಥಿ ಮಗ!” ಅಂದ ಸುಧೀರ.

ಮಗನೊಡನೆ ಯಾವಾಗಲೂ ತುಳುವಿನಲ್ಲೇ ಮಾತಾಡುವ ಅತ್ತೆ ಈಗ ಕನ್ನಡದಲ್ಲಿ, ನನಗೂ ತಿಳಿಯಲಿ ಎಂಬಂತೆ, ಹೇಳಿದರು: “ಹಾಗೆ ಹೇಳ್ಬಾರ್ದು ಮಗ. ಸಣ್ಣವ ಅಲ್ವಾ ಅವ? ನಿನ್ನ ಅಪ್ಪ ಹೋದ ಮೇಲೆ ನನಗೂ ಒಂದು ಸಂಬಂಧ ಬಂದಿತ್ತು. ನೀನಾಗ ಶಾಲೆಗೆ ಹೋಗ್ತಾ ಇದ್ದೆ. ಅವರು ತಂದ ಮಿಠಾಯಿ ನೀನು ಮುಟ್ಟಲೇ ಇಲ್ಲ.”

ಸುಧೀರನ ಮುಖ ಬಿಳುಚಿತು. ನೆನಪಿತ್ತೋ, ಆಗ ತಾನೇ ನೆನಪಾಯಿತೋ ಗೊತ್ತಿಲ್ಲ. “ಅಮ್ಮಾ, ನನ್ನಿಂದಾಗಿಯಾ?”

“ಇಲ್ಲ ಮಾರಾಯ!” ಅತ್ತೆ ಜೋರಾಗಿ ನಕ್ಕರು. “ಅವರ ಮೀಸೆ ನಂಗೆ ಇಷ್ಟ ಆಗ್ಲಿಲ್ಲ. ಇಷ್ಟುದ್ದ!”

ನಾನೂ ನಕ್ಕೆ. ಅವನು ನಗಲಿಲ್ಲ. ಎದ್ದು ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತ. ಆಫೀಸಿನಲ್ಲಿ ಹತ್ತಾರು ಜನರನ್ನು ಗದರಿಸುವ ಮನುಷ್ಯ! ಅತ್ತೆ ಅವನ ತಲೆಯಲ್ಲಿ ಕೈಯಾಡಿಸುತ್ತಾ ಕೂತರು. ಉದುರುತ್ತಿರುವ ಕೂದಲಿಗೆ ಎಣ್ಣೆ ಹಚ್ಚಬಾರದಾ ಅಂತ ನನ್ನನ್ನು ಬೈದರು.

ಬಹಳ ಹೊತ್ತಿನ ಮೇಲೆ ಅವನು ಕೇಳಿದ: “ಅವರ ಹೆಸರು ಎಂತ ಅಮ್ಮ?”

“ಪದ್ಮನಾಭ,” ಅಂದರು ಅತ್ತೆ. ಪ್ರಶ್ನೆ ಮುಗಿಯುವ ಮೊದಲೇ.

ಮೀಸೆ ಇಷ್ಟವಾಗದವನ ಹೆಸರು ಇಷ್ಟು ವರ್ಷ ಯಾರ ನಾಲಗೆಯ ತುದಿಯಲ್ಲಿರುತ್ತದೆ, ಹೇಳಿ?