ಜಿಲಾನಿಸಾಬರು ಕೆರೆದು ನೋಡಿದ ಬಿಲ್ಲೆ

ಸಿಂಧನೂರಿನಲ್ಲಿ ಮೋಟಾರು ಸುಟ್ಟರೆ ರೈತರು ಮೊದಲು ಜಿಲಾನಿಸಾಬರ ಅಂಗಡಿಗೇ ಹೊತ್ತು ತರುತ್ತಿದ್ದರು. ಹೊಸ ತಂತಿ ಸುತ್ತಿ, ಒಂದು ತಾಸು ಓಡಿಸಿ, ಮೋಟಾರಿನ ಮೇಲೆ ಅಂಗೈ ಇಟ್ಟು ನೋಡಿದ ಮೇಲೆಯೇ ಸಾಬರು "ಒಯ್ರಿ" ಅನ್ನುವುದು. ನೆಲ್ಲು ಒಣಗುತ್ತಿದೆ ಎಂದು ಯಾರು ಎಷ್ಟು ಕೂಗಾಡಿದರೂ ಆ ತಾಸು ಕಡಿಮೆಯಾಗುತ್ತಿರಲಿಲ್ಲ. ಬರೀ ಹಟಮಾರಿ ಮನುಷ್ಯ ಎಂದುಕೊಂಡಿದ್ದೆ, ೧೯೮೮ರ ಆ ಮಧ್ಯಾಹ್ನದವರೆಗೆ.

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ವಿಜ್ಞಾನ ಕಲಿಸುವವರು ಸೂಗಪ್ಪ. ಕರೆಂಟಿಗೆ ಚೂರೂ ತಡೆಯೊಡ್ಡದ ವಸ್ತು ಹೊರದೇಶದಲ್ಲಿ ಸಿಕ್ಕಿದೆ, ಆದರೆ ವಿಪರೀತ ತಣ್ಣಗಿಟ್ಟರೆ ಮಾತ್ರ ಎಂದು ಪೇಪರಿನಲ್ಲಿ ಬಂದದ್ದೇ ತಡ, ಅವರಿಗೆ ಹುಚ್ಚು ಹಿಡಿಯಿತು. ಹೈದರಾಬಾದಿನಿಂದ ಏನೇನೋ ಪುಡಿ ತರಿಸಿ ಅಕ್ಕಸಾಲಿಗರ ಕುಲುಮೆಯಲ್ಲಿ ವರ್ಷವಿಡೀ ಸುಟ್ಟರು. ಕೊನೆಗೊಂದು ಕರಿಬಿಲ್ಲೆ ಆಯಿತು. ಮಸ್ಕಿಯ ಬಿಸಿಲಿನಲ್ಲೇ ತಡೆ ಅಳೆಯುವ ಮೀಟರು ಸೊನ್ನೆ ತೋರಿಸಿತು!

ಅಂದು ಸಂಜೆ ಲಿಂಗಸುಗೂರಿನಲ್ಲಿ ಮಾಸ್ತರರ ಸಭೆ. ಅಲ್ಲಿ ಬಿಲ್ಲೆ ತೋರಿಸಿ, ಶಿಕ್ಷಣಾಧಿಕಾರಿ ಸಾಹೇಬರ ಕೈಗೆ ರಾಜೀನಾಮೆ ಕೊಟ್ಟು, ಸಂಶೋಧನೆಗೆ ಹೊರಡುವುದೆಂದು ಸೂಗಪ್ಪ ತೀರ್ಮಾನಿಸಿದ್ದರು. ಪತ್ರ ಜೇಬಿನಲ್ಲಿತ್ತು. ಮನೆಯಲ್ಲಿ ಹೆಂಡತಿ, ಮೂರು ಹೆಣ್ಣುಮಕ್ಕಳು, ದುಡಿಯುವವರು ಇವರೊಬ್ಬರೇ. ಬುದ್ಧಿ ಹೇಳಬೇಕಾದ ನಾನು ಹಾರ ಕೊಂಡು ಜೊತೆಗೆ ಹೊರಟಿದ್ದೆ. ಜಿಲಾನಿಸಾಬರೂ ಹೌದೆಂದರೆ ಯಾರೂ ಸೊಲ್ಲೆತ್ತುವುದಿಲ್ಲ ಎಂದು ಮೊದಲು ಸಿಂಧನೂರಿಗೆ ಬಂದೆವು. ಸೂಗಪ್ಪ ರಾಜೀನಾಮೆಯ ವಿಷಯವನ್ನೂ ಮುಚ್ಚಿಡಲಿಲ್ಲ.

"ಎರಡೂವರಿ ಬಸ್ ಐತಿ ಸಾಬ್ರ. ಹೌದು ಅಂತ ಒಂದ ಮಾತು ಅನ್ರಿ, ಸಾಕು."

ಸಾಬರು ಮೀಟರಿನ ಕಡ್ಡಿಗಳನ್ನು ಬಿಲ್ಲೆಗೆ ಮುಟ್ಟಿಸಿದರು. ಮುಳ್ಳು ಸೊನ್ನೆಗೆ ಹೋಯಿತು. ಸೂಗಪ್ಪ ನನ್ನ ಕೈ ಅದುಮಿದರು. ಸಾಬರು ಅದೇ ಕಡ್ಡಿಗಳನ್ನು ತಾಮ್ರದ ತಂತಿಯ ತುಂಡಿಗೆ ಮುಟ್ಟಿಸಿದರು. ಮುಳ್ಳು ಮತ್ತೆ ಸೊನ್ನೆಗೇ ಹೋಯಿತು.

"ತಾಮ್ರಕ್ಕೂ ತಡಿ ಐತಿ; ಅಷ್ಟು ಸಣ್ಣ ತಡಿ ಈ ಮೀಟರಿಗೆ ಕಾಣಂಗಿಲ್ರಿ ಮಾಸ್ತರ್ರ."

"ತಾಮ್ರದಾಗ ಕರೆಂಟ್ ಹರಿತೈತಿ, ಖರೆ. ಸುಟ್ಟ ಮಣ್ಣಿನಂಥಾದ್ರಾಗ ಹ್ಯಾಂಗ ಹರೀತು ಹೇಳ್ರಿ?" ಎಂದರು ಸೂಗಪ್ಪ.

"ಅದನ್ನ ನಾನೂ ಕೇಳಾಕತ್ತೀನಿ. ಇದಕ್ಕ ಏನು ಹಚ್ಚೀರಿ?"

ಹಚ್ಚಿದ್ದು ಮಿಠಾಯಿಗೆ ಅಂಟಿಸುವ ಬೆಳ್ಳಿ ಹಾಳೆ. ಕಡ್ಡಿ ಚೆನ್ನಾಗಿ ತಾಗಲೆಂದು ಎರಡು ತುದಿಗೂ ಬೆರಳಿನಿಂದ ಒತ್ತಿದ್ದರು. ಸಾಬರು ಬಿಲ್ಲೆಯನ್ನು ಬೆಳಕಿಗೆ ಹಿಡಿದರು. ಅಂಚಿನಗುಂಟ ಕೂದಲೆಳೆಯಷ್ಟು ಬೆಳ್ಳಿ ಈ ತುದಿಯಿಂದ ಆ ತುದಿಗೆ ಮೆತ್ತಿಕೊಂಡಿತ್ತು. ಅವರು ಬ್ಲೇಡು ತೆಗೆದರು.

"ಬ್ಯಾಡ್ರಿ." ಸೂಗಪ್ಪ ಒಂದು ಹೆಜ್ಜೆ ಮುಂದೆ ಬಂದರು. "ನಾಳೆ ನೋಡೂಣಂತ."

"ನಾಳೆ ನಿಮಗ ನೌಕರಿ ಇರಂಗಿಲ್ಲ."

ಸಾಬರ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಅವರು ಮೆಲ್ಲಗೆ ಅಂಚನ್ನು ಕೆರೆದು, ಕಡ್ಡಿಗಳನ್ನು ಮತ್ತೆ ಮುಟ್ಟಿಸಿದರು. ಮುಳ್ಳು ಸೊನ್ನೆಯತ್ತ ಅಲುಗಲೇ ಇಲ್ಲ; ಕರೆಂಟು ಹರಿದದ್ದು ಬೆಳ್ಳಿಯಲ್ಲಿ, ಬಿಲ್ಲೆಯಲ್ಲಲ್ಲ.

ಸೂಗಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. ನನಗೆ ಅಳು ಬಂತು. ಆಮೇಲೆ ಸೂಗಪ್ಪನವರೇ ಸಾಬರತ್ತ ಕೈ ಚಾಚಿದರು.

"ಆ ಬ್ಲೇಡ್ ಕೊಡ್ರಿ. ಹಾಳಿ ಇನ್ನೂ ಅದಾವ, ಮತ್ತ ಹಚ್ಚತೀನಿ. ಅಲ್ಲಿ ಎಲ್ಲಾರ ಮುಂದ ನಾನ ಕೆರೀತೀನಿ."

ಸಾಬರು ಎರಡು ಮೋಟಾರು ಹಾಗೇ ಬಿಟ್ಟು ಅಂಗಡಿಗೆ ಬೀಗ ಹಾಕಿದರು. "ನಡೀರಿ, ನಾನೂ ಬರ್ತೀನಿ."

ಲಿಂಗಸುಗೂರಿನಲ್ಲಿ ಸೂಗಪ್ಪ ಮೊದಲು ಸೊನ್ನೆ ತೋರಿಸಿದರು, ಆಮೇಲೆ ಕೆರೆದು ತಾವು ಮೋಸಹೋದ ಬಗೆ ತೋರಿಸಿದರು. ಸಭೆ ಗೊಳ್ಳೆಂದು ನಕ್ಕಿತು. ನಾನು ಹಾರವನ್ನು ಕುರ್ಚಿಯ ಕೆಳಗೆ ತಳ್ಳಿದೆ. ಪಕ್ಕದಲ್ಲಿದ್ದ ಸಾಬರು ಬಗ್ಗಿ ಅದನ್ನೆತ್ತಿ ನನ್ನ ಕೈಗಿಟ್ಟರು.

"ಹೋಗ್ರಿ, ಹಾಕ್ರಿ. ಇವತ್ತ ಹಾಕಬೇಕು."

ಆ ನಗುವಿನ ನಡುವೆಯೇ ವೇದಿಕೆ ಹತ್ತಿ, ಸೂಗಪ್ಪನವರ ಕೊರಳಿಗೆ ಹಾರ ಹಾಕಿದೆ. ಅವರ ಎದೆಯ ಜೇಬಿನಲ್ಲಿ ಆ ರಾಜೀನಾಮೆ ಪತ್ರ ಇನ್ನೂ ಮಡಚಿಕೊಂಡೇ ಇತ್ತು.