ಟಿಫಿನ್ ಡಬ್ಬಿಯಲ್ಲಿ ಬಂದ ಎಲೆ

ಕಳೆದ ವಾರ ಚಿಂಚೋಳಿಯಿಂದ ವಾಡಿಗೆ ಒಂದು ಎಲೆ ಬಸ್ಸಿನಲ್ಲಿ ಬಂತು. ಒದ್ದೆ ಕರ್ಚೀಫು ಸುತ್ತಿಕೊಂಡು, ಸ್ಟೀಲ್ ಟಿಫಿನ್ ಡಬ್ಬಿಯೊಳಗೆ ಮಲಗಿಕೊಂಡು. (ಟಿಕೆಟ್ ಇರಲಿಲ್ಲ. ಕಂಡಕ್ಟರ್ ಕೇಳಲೂ ಇಲ್ಲ.)

ತಮಾಷೆಯಲ್ಲ. ಆ ಡಬ್ಬಿಯ ಮುಚ್ಚಳ ತೆಗೆದದ್ದು ನನ್ನ ಎದುರಿಗೇ.

ವಾಡಿ ಹತ್ತಿರದ ಒಂದು ಹೈಸ್ಕೂಲಿಗೆ ‘ಹಸಿರು ಶಾಲೆ’ ಫಲಕ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಮೂವರನ್ನು ಕರೆದಿದ್ದರು. ಒಬ್ಬರು ಅಧಿಕಾರಿ, ಎಲ್ಲರ ಬಾಯಲ್ಲೂ ‘ಸಾಹೇಬರು’. ಇನ್ನೊಬ್ಬರು ನಿವೃತ್ತ ಪ್ರಾಂಶುಪಾಲರು. ಮೂರನೆಯವನು ನಾನು. ಪತ್ರಕರ್ತರನ್ನು ಯಾಕೆ ಕರೆಯುತ್ತಾರೆಂದು ನಿಮಗೆ ಗೊತ್ತೇ ಇದೆ: ಫೋಟೊ ಬರುತ್ತದೆ. ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ಸೇಡಂ, ಶಹಾಬಾದ್, ಚಿತ್ತಾಪುರದ ಶಾಲೆಗಳು ತಮ್ಮನ್ನು ಬಿಟ್ಟಿದ್ದಕ್ಕೆ ಬೇಜಾರು ಮಾಡಿಕೊಂಡಾವು.

ಹೆಡ್ ಮಾಸ್ತರ್ ಬಸಣ್ಣ ಸರ್ ಗೇಟಿನಲ್ಲೇ ಸಿಕ್ಕರು. ಇದೇ ವರ್ಷ ರಿಟೈರ್ ಆಗುವವರು.

‘ಬರ್ರಿ ಸರ್, ಬರ್ರಿ. ಇಷ್ಟ್ ವರ್ಷ ಖಡು ತಿಂದೀನ್ರಿ. ಹೋಗೂಮುಂದ ಗ್ವಾಡಿ ಮ್ಯಾಲ ಒಂದು ಫಲಕ ಇದ್ರ ಇಜ್ಜತ್ ಅಲ್ರೀ?’

ಖಡು ಅಂದರೆ ಸೀಮೆಸುಣ್ಣ. ಅಷ್ಟು ತಿಂದವರಿಗೆ ಅಷ್ಟು ಆಸೆ ತಪ್ಪೇ? ಅಲ್ಲ.

ಗೇಟಿನಿಂದ ವೇದಿಕೆಯವರೆಗೆ ಬೇವು, ಹೊಂಗೆ ಫಳಫಳ ಹೊಳೆಯುತ್ತಿದ್ದವು. ನಮ್ಮ ಕಡೆ ಇದು ಅನುಮಾನ ಪಡಬೇಕಾದ ಸಂಗತಿ. ಕಲ್ಲಿನ ಕ್ವಾರಿ, ಲಾರಿ, ಸಿಮೆಂಟ್ ಕಾರ್ಖಾನೆಯ ಚಿಮಣಿ, ಎಲ್ಲರೂ ಸ್ವಲ್ಪ ಸ್ವಲ್ಪ ಧೂಳು ಕೊಡುತ್ತಾರೆ; ನಾವು ಬೇಡ ಅನ್ನುವುದಿಲ್ಲ. ನಮ್ಮ ಮನೆಗಳಲ್ಲಿ ಮೊದಲು ತುಳಸಿಯನ್ನು ಒರೆಸುತ್ತಾರೆ, ಆಮೇಲೆ ಪೂಜೆ. ಇಂಥ ಊರಿನಲ್ಲಿ ಮರ ಹಸಿರಾಗಿ ಕಂಡರೆ ‘ಇವತ್ತು ಯಾರು ಬರ್ತಾರೆ?’ ಎಂದು ಕೇಳಬೇಕು.

ನಾನು ಒಂದು ಬೇವಿನ ಹಿಂದೆ ಹೋಗಿ ನೋಡಿದೆ. ವೇದಿಕೆಯ ಕಡೆ ಹಸಿರು. ಕಾಂಪೌಂಡಿನ ಕಡೆ ಬೂದಿ. ಹಿಂದಿನ ದಿನ ಟ್ಯಾಂಕರ್ ತರಿಸಿದ್ದರಂತೆ. ಪೈಪು ಎಲ್ಲಿಯವರೆಗೆ ಹೋಯಿತೋ ಪರಿಸರ ಅಲ್ಲಿಯವರೆಗೆ. ಬೀಗರು ಬರುವಾಗ ಮನೆ ಸಾರಿಸುತ್ತಾರೆ, ಸಾಹೇಬರು ಬರುವಾಗ ಮರ ತೊಳೆಯುತ್ತಾರೆ. ಇದು ಈಗ ನಮ್ಮ ಪದ್ಧತಿ.

ಭಾಷಣ ಶುರುವಾಯಿತು. ಒಂದು ಮರ ಕೊಡುವ ಆಮ್ಲಜನಕದ ಬೆಲೆ ಎಷ್ಟು ಲಕ್ಷ ಎಂದು ಮೊದಲಿನವರು ಹೇಳಿದರು. ಎರಡನೆಯವರು ಅದನ್ನು ಏರಿಸಿದರು. ಮೂರನೆಯವರು ಕೋಟಿಗೆ ಒಯ್ದರು. ಹರಾಜು ಇನ್ನೂ ಏರುತ್ತಿತ್ತೇನೋ, ಅಷ್ಟರಲ್ಲಿ ವಿಜ್ಞಾನದ ಸುವರ್ಣಾ ಟೀಚರ್ ಸ್ಪಿರಿಟ್ ದೀಪ ಹಚ್ಚಿದರು.

ಪ್ರಯೋಗ ನಿಮಗೆ ನೆನಪಿರಬಹುದು. ಎಲೆ ಬಿಸಿಲು, ಗಾಳಿ, ನೀರು ಸೇರಿಸಿ ಅಡುಗೆ ಮಾಡುತ್ತದೆ. ಅಡುಗೆ ಮಾಡುತ್ತಲೇ ನಮಗೆ ಆಮ್ಲಜನಕ ಬಿಡುತ್ತದೆ. ಉಂಡು ಉಳಿದದ್ದನ್ನು ಪಿಷ್ಟವಾಗಿ ಇಟ್ಟುಕೊಳ್ಳುತ್ತದೆ. ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿ ಹಸಿರು ತೆಗೆದು ಅಯೋಡಿನ್ ಹಾಕಿದರೆ, ಪಿಷ್ಟ ಇದ್ದಲ್ಲಿ ಕಡುನೀಲಿ. ಇಲ್ಲದಿದ್ದರೆ ಇಲ್ಲ. ಎಲೆ ಕೆಲಸ ಮಾಡಿದೆಯೋ ಇಲ್ಲವೋ ಅಂತ ಕೇಳುವ ಪ್ರಯೋಗ ಇದು. (ಮನುಷ್ಯರಿಗೆ ಇಂಥದ್ದು ಕಂಡುಹಿಡಿಯದೇ ಇದ್ದದ್ದು ಎಷ್ಟೋ ಆಫೀಸುಗಳ ಪುಣ್ಯ.)

ಶಾಲೆಯ ಗಿಡದ್ದೇ ಎಲೆ ತರುತ್ತೇನೆ ಎಂದಿದ್ದರಂತೆ ಟೀಚರ್. ಬಸಣ್ಣ ಸರ್ ಒಪ್ಪಿರಲಿಲ್ಲ. ‘ಅದು ನೀಲಿ ಆಗ್ಲಿಲ್ಲಂದ್ರ ಮಂದಿ ಮುಂದ ನನ್ನ ಮಾರಿ ಕರ್ರಗ ಆಗ್ತದವಾ.’ ಅದಕ್ಕೇ ಚಿಂಚೋಳಿ ಕಾಡಿನ ಚಂದ್ರಂಪಳ್ಳಿಯಲ್ಲಿರುವ ತಮ್ಮ ಭಾವಮೈದುನನಿಗೆ ಫೋನು. ಆತ ಕಾಡಿನಿಂದ ಎಲೆ ಕಿತ್ತ, ಡಬ್ಬಿಗೆ ಹಾಕಿದ, ಬಸ್ ಹತ್ತಿದ. ದಾರಿಯಲ್ಲಿ ಸೇಡಂನಲ್ಲಿ ಒಂದು ಮದುವೆಗೆ ಇಳಿದು ಎರಡು ರಾತ್ರಿ ಉಳಿದ. ಆಮೇಲೆ ವಾಡಿಗೆ ಬಂದ.

ಸರ್ ತಾವೇ ಅಯೋಡಿನ್ ಹಾಕಿದರು. ನೋಡಿದೆವು. ಕಾದೆವು. ಎಲೆ ಹಳದಿಗೆಂಪಾಗಿ ಸುಮ್ಮನೆ ಬಿದ್ದಿತ್ತು.

‘ಅಯೋಡಿನ್ ಡೂಪ್ಲಿಕೇಟ್ ಅದ’ ಎಂದರು ಸರ್, ಮೈಕಿಗೆ ಕೈ ಅಡ್ಡ ಇಟ್ಟು.

ಟೀಚರ್ ಬಿಸಿಯೂಟದ ನಾಲ್ಕು ಅಗುಳಿನ ಮೇಲೆ ಒಂದು ಹನಿ ಬಿಟ್ಟರು. ಅನ್ನ ತಟ್ಟನೆ ಕಪ್ಪಾಯಿತು.

‘ಅಯೋಡಿನ್ ಖರೇ ಅದರಿ ಸರ್. ಎಲಿ ಉಪಾಸ ಅದ. ಎರಡು ದಿನ ಡಬ್ಬಿ ಕತ್ತಲದಾಗ ಕುಂತು ಇದ್ದದ್ದೆಲ್ಲಾ ತಿಂದು ಮುಗಿಸ್ಯಾದ.’

ಕಾಡಿನ ಎಲೆಯೂ ಕೈಕೊಟ್ಟಿತು. ಬಸಣ್ಣ ಸರ್ ಫಲಕದ ಕಡೆ ನೋಡಿದರು. ಅದು ಕೆಂಪು ಬಟ್ಟೆ ಹೊದ್ದು ಮೇಜಿನ ಮೇಲಿತ್ತು.

ಆದರೆ ಟೀಚರ್ ಅದೇ ಪಾತ್ರೆಯಲ್ಲಿ ಇನ್ನೊಂದು ಎಲೆಯನ್ನೂ ಬೇಯಿಸಿದ್ದರು. ಶಾಲೆಯ ವರಾಂಡದ ಕುಂಡದ ದಾಸವಾಳದ್ದು. ಅದರ ಮೇಲೆ ಅಯೋಡಿನ್ ಬಿಟ್ಟರು. ಅರ್ಧ ಕಡುನೀಲಿಯಾಯಿತು. ಇನ್ನರ್ಧ ಹಾಗೇ ಉಳಿಯಿತು. ನಡುವೆ ಗೆರೆ ಎಳೆದಂತೆ.

ಸಭೆ ಚಪ್ಪಾಳೆ ತಟ್ಟಿತು. ‘ಡಿಸೈನ್ ಭಾಳ ಚಂದ ಬಂದದ’ ಎಂದರು ನಿವೃತ್ತ ಪ್ರಾಂಶುಪಾಲರು. (ಅವರ ವಿಷಯ ಇತಿಹಾಸ.) ಸಾಹೇಬರು ಮಾತ್ರ ಮುಂದೆ ಬಾಗಿ ಕೇಳಿದರು, ‘ಈ ಅರ್ಧಕ್ಕ ಯಾಕ ಬಣ್ಣ ಬರ್ಲಿಲ್ಲ?’

‘ಕರೀ ಕಾಗದ ಕಟ್ಟಿದ್ವಿ ಸರ್, ಬುಕ್ಕಿನಾಗ ಇದ್ದಂಗ’ ಎಂದು ಬಸಣ್ಣ ಸರ್ ಜಲ್ದಿ ಜಲ್ದಿ ಹೇಳಿಬಿಟ್ಟರು.

ಪುಸ್ತಕದಲ್ಲಿ ಹಾಗೇ ಇದೆ. ಬಿಸಿಲು ತಪ್ಪಿಸಲು ಕಪ್ಪು ಕಾಗದ. ಟೀಚರ್ ಹೌದು ಎಂದು ತಲೆ ಅಲ್ಲಾಡಿಸಿದ್ದರೆ ಫಲಕ ಗೋಡೆ ಏರುತ್ತಿತ್ತು, ನಾವು ಉಪ್ಪಿಟ್ಟಿಗೆ ಏಳುತ್ತಿದ್ದೆವು. ಅವರು ಒಮ್ಮೆ ಸರ್ ಮುಖ ನೋಡಿದರು. ಒಮ್ಮೆ ಮುಂದೆ ಕುಳಿತ ತಮ್ಮ ಕ್ಲಾಸಿನ ಹುಡುಗಿಯರನ್ನು ನೋಡಿದರು. ಕುಂಡವನ್ನು ಆ ಹುಡುಗಿಯರೇ ಹೊತ್ತು ಬಿಸಿಲಿಗೆ ಇಟ್ಟಿದ್ದರು. ಕಾಗದ ಇರಲಿಲ್ಲವೆಂದು ಅವರಿಗೆ ಗೊತ್ತಿತ್ತು.

‘ಕಾಗದ ಅಲ್ರಿ ಸರ್. ಧೂಳ. ಗಿಡ ಮೊದಲು ಕತ್ತಲಿ ಖೋಲ್ಯಾಗ ಇಟ್ಟಿದ್ವಿ. ಆಮ್ಯಾಲ ಅರ್ಧ ಎಲಿ ಒದ್ದಿ ಬಟ್ಟಿಲೆ ಒರಸಿ ಬಿಸಲಿಗಿ ಇಟ್ವಿ. ಒರಸಿದ್ದು ನೀಲಿ ಆಗ್ಯಾದ. ಒರಸಲಾರದ್ದು ಹಂಗೇ ಉಳದದ.’

ಕಪ್ಪು ಕಾಗದ ಕೊಳ್ಳಬೇಕಾಗಿಲ್ಲದ ಸೀಮೆ ನಮ್ಮದು. ಬಿಸಿಲಿಗೆ ಅಡ್ಡ ನಿಲ್ಲುವ ಸಾಮಾನು ಗಾಳಿಯೇ ತಂದುಕೊಡುತ್ತದೆ. ಬೆಳಕಿಂಡಿ ಮುಚ್ಚಿದ ಅಡುಗೆಮನೆಯಲ್ಲಿ ಒಲೆಯೂ ಇಲ್ಲದ ಹಾಗೆ ಒಂದೊಂದು ಎಲೆಯ ಸ್ಥಿತಿ. ಒಣಹಾಕಿದ ನಮ್ಮ ಅಂಗಿಗಳಿಗೆ ಪುಕ್ಕಟೆ ಗಂಜಿ ಹತ್ತುತ್ತದೆ, ಎಲೆಗೆ ಅದರ ಊಟ ಹತ್ತುವುದಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡರು. ‘ಹಂಗಂದ್ರ ಗಿಡಾ ತೊಳೀರಿ.’

‘ನಿನ್ನಿ ತೊಳದೀವ್ರಿ’ ಎಂದರು ಟೀಚರ್.

‘ದಿನಾ ತೊಳೀರಿ.’

‘ಹುಡುಗೂರಿಗಿ ಕುಡಿಲಾಕೇ ನೀರು ಸಾಲಂಗಿಲ್ರಿ ಸಾಹೇಬ್ರ. ಗಿಡಕ್ಕ ಸ್ನಾನ ಎಲ್ಲಿಂದ ಮಾಡಸ್ಲಿ? ಧೂಳೇ ಏಳಲಾರದಂಗ ಮಾಡ್ಲಿಕ್ಕ ಬರ್ತದೇನ್ ನೋಡ್ರಿ.’

ಸಾಹೇಬರು ವಾಚು ನೋಡಿಕೊಂಡರು.

ಒಳಗಿನ ಕೋಣೆಯಲ್ಲಿ ನಾವು ಮೂವರು ಕುಳಿತೆವು. ಫಲಕಕ್ಕೆ ಬೇಕಾದ ಅರ್ಹತೆಗಳನ್ನು ಪ್ರಾಂಶುಪಾಲರು ಓದಿದರು. ಮರಗಳಿವೆಯೇ? ಇವೆ. ಘೋಷವಾಕ್ಯಗಳಿವೆಯೇ? ಇವೆ. ಸೆಲ್ಫಿ ಪಾಯಿಂಟ್? ಅದೂ ಇದೆ. ಮರಗಳಿಗೆ ಉಸಿರಾಡಲು ಆಗುತ್ತಿದೆಯೇ ಎಂಬುದು ಅದರಲ್ಲಿ ಇರಲಿಲ್ಲ. ನಮ್ಮ ಮರಗಳೂ ಸರ್ಕಾರಿ ನೌಕರರೇ: ಹಾಜರಿ ಇದ್ದರೆ ಸಾಕು. ವ್ಯತ್ಯಾಸ ಇಷ್ಟೇ, ಇವು ಕೆಲಸ ಮಾಡಲು ಸಿದ್ಧ. ಬಿಡದವರು ನಾವು.

ಬೇಡ ಎಂದು ನಾನು ಹೇಳಿದೆ. ಕೊಡುವುದಾದರೆ ಸುವರ್ಣಾ ಟೀಚರ್ ಕೈಗೆ ಕೊಡಿ ಎಂದೂ ಹೇಳಿದೆ. ‘ನೀವು ಪೇಪರಿನವರು ಬಿಡ್ರಿ, ಬರೇ ತಪ್ಪೇ ಹುಡುಕ್ತೀರಿ’ ಎಂದು ನಕ್ಕರು ಸಾಹೇಬರು. ಇಬ್ಬರ ಎದುರು ಒಬ್ಬ. ಪ್ರಜಾಪ್ರಭುತ್ವ.

ಬಸಣ್ಣ ಸರ್ ಕಣ್ಣಲ್ಲಿ ನೀರು ತಂದುಕೊಂಡು ಫಲಕ ಹಿಡಿದರು. ಫೋಟೊ ಬಂತು. ಟೀಚರಿಗೂ ಒಂದು ಶಾಲು ಸಿಕ್ಕಿತು. ಜೊತೆಗೆ ಸರ್ ಕಡೆಯಿಂದ ಪ್ರೀತಿಯ ಸಲಹೆ: ‘ಮುಂದಿನ ಸಲ ಸೌರಮಂಡಲ ಮಾಡ್ರಿ ಟೀಚರ್. ಅಲ್ಲಿತನಕ ಧೂಳ ಹೋಗಂಗಿಲ್ಲ.’

ಮೊನ್ನೆ ಟೀಚರ್ ಫೋನ್ ಮಾಡಿದ್ದರು. ಫಲಕವನ್ನು ಗೇಟಿನ ಪಕ್ಕದ ಗೋಡೆಗೆ ಹೊಡೆದಿದ್ದಾರಂತೆ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒದ್ದೆ ಬಟ್ಟೆ ತಗೊಂಡು ಒರೆಸಬೇಕಂತೆ. ಇಲ್ಲದಿದ್ದರೆ ‘ಹಸಿರು’ ಎಂಬ ಪದ ಕಾಣುವುದಿಲ್ಲವಂತೆ.