ಹೂವಿನವಳ ಕೈ ಬೆಳೆದ ಕಥೆ

ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ದರ ಕೇಳುವ ಮೊದಲು ಕೈ ನೋಡಿ. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಅಳೆಯುವವರ ಕೈ ಗಿಡ್ಡವಾದರೆ ನಿಮ್ಮ ಮಲ್ಲಿಗೆಯೂ ಗಿಡ್ಡ. ಬಳೇಪೇಟೆಯಲ್ಲಿ ಸ್ವಂತ ಬಳೆ ಅಂಗಡಿ ಇಡುವ ಮಟ್ಟಕ್ಕೆ ನಾನು ಬಂದದ್ದು ಇಂಥ ಕಣ್ಣಿನಿಂದಲೇ. ನಾವು ಖಾಯಮ್ಮಾಗಿ ಹೂವು ಕೊಳ್ಳುತ್ತಿದ್ದಾಕೆ ಕುಳ್ಳಿ. ಪಕ್ಕದಲ್ಲಿ ಕುಳಿತು ಹೂವು ಕಟ್ಟುತ್ತಿದ್ದ ಗಂಡ ಆರಡಿ ಆಳು.

"ನಿಮ್ಮೆಜಮಾನ್ರು ಅಳೀಲಿ ಬಿಡಮ್ಮ, ನಿಂಗ್ಯಾಕೆ ತೊಂದ್ರೆ," ಎನ್ನುತ್ತಿದ್ದೆ.

"ನೀವು ಬಂದ್ರೆ ಸಾಕು ಕಣಕ್ಕ, ನನ್ನ ಕೈಗೇ ನಾಚ್ಕೆ ಆಗುತ್ತೆ," ಎಂದು ಆಕೆ ನಗುತ್ತಿದ್ದಳು.

ನಾನೂ ನಗುತ್ತಿದ್ದೆ. ಜೊತೆಗಿದ್ದ ನನ್ನ ಹತ್ತು ವರ್ಷದ ಮಗಳು ನಗುತ್ತಿರಲಿಲ್ಲ ಎಂಬುದು ಆಗ ಕಣ್ಣಿಗೆ ಬೀಳಲಿಲ್ಲ.

ಶಾಲೆಯ ಕಥಾಸ್ಪರ್ಧೆಗೆಂದು ಅವಳು ಒಂದು ಮಾಯಾಪೇಟೆಯ ಕಥೆ ಬರೆದಳು. ಅಲ್ಲಿ ಗಿರಾಕಿಗಳು 'ಇನ್ನೊಂಚೂರು' ಎಂದಾಗಲೆಲ್ಲ ಹೂವಿನವಳ ಕೈ ಒಂದು ಬೆರಳಷ್ಟು ಬೆಳೆಯುತ್ತದೆ. ಪೇಟೆಗೆಲ್ಲ ಖುಷಿ. ಎಲ್ಲರೂ ಕೇಳುವವರೇ. ಕೊನೆಗೆ ಕೈ ಬೀದಿಯ ತುದಿಯನ್ನು ದಾಟುತ್ತದೆ. ಮನೆಗೆ ಹೋದರೆ ತನ್ನ ಮಗುವಿನ ತಲೆ ಬಾಚಲು ಆ ಕೈ ಬಗ್ಗುವುದೇ ಇಲ್ಲ. "ನಿಂಗೆ 'ಆಗಲ್ಲ' ಅನ್ನೋಕೆ ಬರಲ್ವಾ?" ಎಂದು ಮಗು ಕೇಳುತ್ತದೆ. ಕಥೆ ಅಲ್ಲಿಗೇ ನಿಲ್ಲುತ್ತದೆ.

ಓದಿದೆ. ಆ ಗಿರಾಕಿ ಯಾರೆಂದು ಗುರುತು ಹಿಡಿಯದಷ್ಟು ದಡ್ಡಿ ನಾನಲ್ಲ. ಆದರೆ ಮುಜುಗರವಾದಾಗ ನನಗೆ ಬರುವುದು ಒಂದೇ, ಚೌಕಾಸಿ.

"ಚೆನ್ನಾಗಿದೆ ಪುಟ್ಟಿ. ಆದ್ರೆ ಇಷ್ಟು ಅಳೋ ಹಾಗಿದ್ರೆ ಪ್ರೈಜ್ ಯಾರು ಕೊಡ್ತಾರೆ? ಆ ಉದ್ದದ ಕೈಲಿ ಮೋಡದ ಮೇಲಿನ ಹೂವು ಕೀಳ್ಲಿ. ವ್ಯಾಪಾರ ಜೋರಾಗ್ಲಿ."

"ಅಮ್ಮಾ, ಅವಳ ಕೈ ನೋಯ್ತಿರುತ್ತೆ."

"ಸರಿ, ನೋಯ್ಲಿ. ಒಂದು ಸಾಲು ಇಟ್ಕೋ. ಕೊನೇಲಿ ನಗ್ಲಿ. ನಿಂದೂ ಆಯ್ತು, ನಂದೂ ಆಯ್ತು."

ಅರ್ಧ ಗಂಟೆ ಹಗ್ಗಜಗ್ಗಾಟ ನಡೆಯಿತು. ಕಡೆಗೆ ಆ ಒಂದು ಸಾಲನ್ನೂ ಬಿಟ್ಟುಕೊಟ್ಟಳು. ಮೊದಲ ಬಹುಮಾನ ಬಂತು. ಅಂಗಡಿಗೆ ಬಂದವರಿಗೆಲ್ಲ ನಾನೇ ಹೇಳಿಕೊಂಡೆ, ಕೊನೆಯ ಭಾಗ ನನ್ನ ಐಡಿಯಾ ಎಂದು.

ಆಮೇಲೆ ಅವಳು ಕಥೆ ಬರೆಯಲಿಲ್ಲ. ಪರೀಕ್ಷೆಯ ಕಾಟ ಅಂದುಕೊಂಡೆ. ಬೇಸಿಗೆ ರಜೆ ಬಂತು, ಹೋಯಿತು, ಹೀಗೇ ಎಷ್ಟೋ. ತಿದ್ದುವುದಕ್ಕೆ ಪೆನ್ನು ಹಿಡಿದು ಕುಳಿತಿರುವ ತಾಯಂದಿರೇ, ಮಗು ಸರಿ-ತಪ್ಪಿನ ಪ್ರಶ್ನೆಯನ್ನು ಮಾಯಾಲೋಕದಲ್ಲಿ ಸುತ್ತಿ ತಂದುಕೊಟ್ಟರೆ, ದಯವಿಟ್ಟು ಅದಕ್ಕೆ ಗಿರಾಕಿಯಾಗಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಸುಮ್ಮನೆ ಕುಳಿತುಕೊಳ್ಳಿ. ನನಗೆ ಇದನ್ನು ಹೇಳುವವರು ಇರಲಿಲ್ಲ. ಇದ್ದಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಬೆಳಿಗ್ಗೆ ತಿಂಡಿ ತಿನ್ನುವಾಗ ಧೈರ್ಯ ಮಾಡಿ ಕೇಳಿದೆ. "ನಿನ್ನ ಆ ಹೂವಿನವಳ ಕಥೆ, ನೀನು ಮೊದ್ಲು ಬರ್ದಿದ್ಯಲ್ಲ, ಅದೇ ಸರಿಯಾಗಿತ್ತು. ಇನ್ನೊಂದ್ಸಲ ಬರಿಯೇ."

ಅವಳು ದೋಸೆಯಿಂದ ತಲೆಯೆತ್ತಿದಳು. "ನಿಂಗೆ ಹೇಗೆ ಬೇಕು ಹೇಳಮ್ಮ, ಹಾಗೇ ಬರ್ಕೊಡ್ತೀನಿ."

ದನಿಯಲ್ಲಿ ಕುಹಕವಿರಲಿಲ್ಲ, ಕೋಪವೂ ಇರಲಿಲ್ಲ. ಕೋಪವಿದ್ದಿದ್ದರೆ ಏನಾದರೂ ಮಾತಾಡಿ ಒಲಿಸಬಹುದಿತ್ತು.